ಸ್ಟಾಕ್‌ಹೋಮ್‌ನಿಂದ ಎರಡು ದಿನ: ಹಡಗು ಹತ್ತೋದಾ, ರೈಲು ಹಿಡಿಯೋದಾ, ದ್ವೀಪಕ್ಕೆ ಹೋಗೋದಾ?

ಸ್ಟಾಕ್‌ಹೋಮ್‌ಗೆ ಹೊಸದಾಗಿ ಬಂದ ಕನ್ನಡದವರು ಮೊದಲು ಕೇಳುವುದು ಮನೆ ಬಾಡಿಗೆ ಬಗ್ಗೆ. ಆಮೇಲೆ ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಅಂತ. ಮೂರನೆಯದು ಯಾವಾಗಲೂ ಇದೇ: "ಈ ವೀಕೆಂಡ್ ಎಲ್ಲಿಗಾದ್ರೂ ಹೋಗ್ಬೇಕು, ಎಲ್ಲಿಗೆ ಹೋಗೋಣ?" ನಾನು ಎಂಟು ವರ್ಷದಿಂದ ಇಲ್ಲಿದ್ದೇನೆ. ಸುತ್ತಲಿನ ಊರುಗಳಿಗೆ ಚಳಿಯಲ್ಲೂ ಬೇಸಿಗೆಯಲ್ಲೂ ಹೋಗಿ ಬಂದಿದ್ದೇನೆ. ಇಷ್ಟು ತಿರುಗಿದ ಮೇಲೆ ಒಂದು ವಿಷಯ ಖಾತ್ರಿಯಾಗಿದೆ. ಊರಿನ ಹೆಸರು ನೋಡಿ ಆರಿಸಬೇಡಿ. ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಆ ವಾರ ಬೆಳಕು ಎಷ್ಟು ಹೊತ್ತು ಇರುತ್ತದೆ? ಶುಕ್ರವಾರ ರಾತ್ರಿ ಎಲ್ಲಿ ಮಲಗುತ್ತೀರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಊರು ಯಾವುದು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಬೆಳಕಿನ ಲೆಕ್ಕ

ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯ ವ್ಯತ್ಯಾಸ. ಹಾಗಾಗಿ ಪ್ರವಾಸ ಹೊರಡುವಾಗ ನಾವು ಮಳೆ ಬಗ್ಗೆ ಯೋಚಿಸುತ್ತೇವೆ, ಬೆಳಕಿನ ಬಗ್ಗೆ ಯೋಚಿಸುವುದೇ ಇಲ್ಲ. ಇಲ್ಲಿ ಅದು ನಡೆಯುವುದಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಎಂಟೂ ಮುಕ್ಕಾಲಿಗೆ. ಮಧ್ಯಾಹ್ನ ಮೂರು ಗಂಟೆಗೆ ಮುಂಚೆಯೇ ಮುಳುಗಿರುತ್ತಾನೆ. ಅದೇ ಜೂನ್ ಕೊನೆಯಲ್ಲಿ ಬೆಳಗಿನ ಜಾವ ಮೂರೂವರೆಗೆ ಹುಟ್ಟಿ ರಾತ್ರಿ ಹತ್ತು ದಾಟಿದ ಮೇಲೆ ಮುಳುಗುತ್ತಾನೆ. ಆಮೇಲೂ ಪೂರ್ತಿ ಕತ್ತಲಾಗುವುದಿಲ್ಲ.

ಡಿಸೆಂಬರ್‌ನಲ್ಲಿ ಹಳ್ಳಿ ಕಡೆ ಹೋದರೆ ನಿಮಗೆ ಸಿಗುವುದು ಆರು ಗಂಟೆಯ ಮಂಕು ಬೆಳಕು, ಉಳಿದದ್ದೆಲ್ಲ ಕಿಟಕಿ ಆಚೆಯ ಕಪ್ಪು. ಅದಕ್ಕೆ ನನ್ನ ಲೆಕ್ಕ ಹೀಗಿದೆ. ನವೆಂಬರ್‌ನಿಂದ ಜನವರಿವರೆಗೆ ಊರು. ದೀಪ, ಕಾಫಿ ಅಂಗಡಿ, ಮ್ಯೂಸಿಯಂ ಇರುವ ಕಡೆ ಕತ್ತಲಾದರೂ ಬೇಜಾರಿಲ್ಲ. ಮೇ ಮಧ್ಯದಿಂದ ಆಗಸ್ಟ್‌ವರೆಗೆ ಹಳ್ಳಿ, ಕಡಲು, ದ್ವೀಪ. ಆ ತಿಂಗಳುಗಳಲ್ಲಿ ಊರೊಳಗೆ ಹೋಟೆಲ್ ರೂಮಿಗೆ ದುಡ್ಡು ಸುರಿಯುವುದು ನನಗೆ ಮನಸ್ಸಿಗೆ ಬರುವುದಿಲ್ಲ. ಫೆಬ್ರವರಿ, ಮಾರ್ಚ್ ಮಾತ್ರ ಬೇರೆ. ಹಿಮ ಇನ್ನೂ ಇರುತ್ತದೆ, ಬೆಳಕು ಆಗಲೇ ವಾಪಸ್ ಬಂದಿರುತ್ತದೆ. ಆಗ ಉತ್ತರಕ್ಕೆ, ದಾಲಾರ್ನಾ ಕಡೆಗೆ ಹೋಗಬೇಕು. ಅದರ ವಿಷಯ ಮುಂದೆ ಬರುತ್ತದೆ.

ಶುಕ್ರವಾರದ ರಾತ್ರಿ

ಆಫೀಸಿಂದ ನಾಲ್ಕಕ್ಕೆ ಹೊರಟಿರಿ ಅಂತಿಟ್ಟುಕೊಳ್ಳಿ. ವಿಮಾನ ಅಂದರೆ ಒಂದು ಗಂಟೆಯ ಹಾರಾಟ ಅಷ್ಟೇ ಅಲ್ವಾ ಅನಿಸುತ್ತದೆ. ಆದರೆ ಆರ್ಲಾಂಡಾ ವಿಮಾನ ನಿಲ್ದಾಣ ಊರಿಂದ 40 ಕಿ.ಮೀ. ದೂರ. ಕಡಿಮೆ ಬೆಲೆಯ ಕೆಲವು ವಿಮಾನ ಹೊರಡುವ ಸ್ಕಾವ್‌ಸ್ತಾ ಇರುವುದು ಸುಮಾರು 100 ಕಿ.ಮೀ. ಆಚೆ. ಅಲ್ಲಿಗೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಇಳಿದ ಮೇಲೆ ಊರೊಳಗೆ ಹೋಗುವುದು ಎಲ್ಲ ಸೇರಿದರೆ ನಾಲ್ಕೈದು ಗಂಟೆ ಹೋಯಿತು. ಒಮ್ಮೆ ಅಗ್ಗದ ಟಿಕೆಟ್ ಸಿಕ್ಕಿತು ಅಂತ ಮಗುವನ್ನು ಕರೆದುಕೊಂಡು ಹೊರಟೆವು. ಟಿಕೆಟ್ ಮೇಲೆ ಒಂದು ದೊಡ್ಡ ಊರಿನ ಹೆಸರಿತ್ತು. ವಿಮಾನ ಇಳಿದದ್ದು ಆ ಊರಿಂದ ಒಂದೂವರೆ ಗಂಟೆ ಬಸ್ ದಾರಿಯ ಒಂದು ಬಯಲಿನಲ್ಲಿ. ಹೋಟೆಲ್ ಮುಟ್ಟಿದಾಗ ರಾತ್ರಿ ಒಂದು ಗಂಟೆ. ಮಗಳು ಶೂ ಹಾಕಿಕೊಂಡೇ ನಿದ್ದೆ ಹೋಗಿದ್ದಳು. ಶನಿವಾರ ಬೆಳಗ್ಗೆ ಯಾರಿಗೂ ಎದ್ದು ಓಡಾಡುವ ಚೈತನ್ಯ ಇರಲಿಲ್ಲ.

ರಾತ್ರಿ ಹಡಗಿನಲ್ಲಿ ಈ ತಾಪತ್ರಯ ಇಲ್ಲ. ನೀವು ಮಲಗಿರುತ್ತೀರಿ, ಹಡಗು ಸಾಗುತ್ತಿರುತ್ತದೆ. ಶನಿವಾರ ಹತ್ತು ಗಂಟೆಗೆ ಬೇರೆ ದೇಶದಲ್ಲಿ ಇಳಿಯುತ್ತೀರಿ. ಶನಿವಾರ ಸಂಜೆ ಮತ್ತೆ ಹತ್ತಿದರೆ ಭಾನುವಾರ ಹತ್ತರ ಹೊತ್ತಿಗೆ ಸ್ಟಾಕ್‌ಹೋಮ್. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಅನ್ನ ಸಾರು ಮಾಡಿಕೊಂಡು ಹಾಯಾಗಿ ಇರಬಹುದು. ಎರಡು ರಾತ್ರಿಯ ಹೋಟೆಲ್ ಖರ್ಚೂ ಉಳಿಯಿತು. ಕ್ಯಾಬಿನ್‌ಗೆ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಲೆಕ್ಕ ಇರುವುದಿಲ್ಲ, ಕ್ಯಾಬಿನ್‌ಗೆ ಇಷ್ಟು ಅಂತ. ಹಾಗಾಗಿ ನಾಲ್ಕು ಜನರ ಸಂಸಾರಕ್ಕೆ ಇದಕ್ಕಿಂತ ಕಡಿಮೆಯಲ್ಲಿ ಬೇರೆ ದೇಶ ನೋಡುವ ದಾರಿ ನನಗೆ ಕಂಡಿಲ್ಲ.

ಟಾಲಿನ್ ಅಥವಾ ಹೆಲ್ಸಿಂಕಿ?

ಟಾಲಿನ್ ಎಸ್ಟೋನಿಯಾದ ರಾಜಧಾನಿ, ಹೆಲ್ಸಿಂಕಿ ಫಿನ್‌ಲ್ಯಾಂಡ್‌ನದು. ಎರಡಕ್ಕೂ ಸ್ಟಾಕ್‌ಹೋಮ್‌ನಿಂದ ರಾತ್ರಿ ಹಡಗಿದೆ. ಎರಡಕ್ಕೂ ಸಂಜೆ ಹೊರಟು ಬೆಳಗ್ಗೆ ಸೇರುವುದು. ಎರಡೂ ಕಡೆ ಸಿಗುವುದು ಆರೇಳು ಗಂಟೆ. ಎರಡೂ ಕಡೆ ಯೂರೋ ನಡೆಯುತ್ತದೆ, ಗಡಿಯಾರ ಸ್ವೀಡನ್‌ಗಿಂತ ಒಂದು ಗಂಟೆ ಮುಂದೆ. ಅದಕ್ಕೇ ಜನ ಇವೆರಡರ ನಡುವೆ ಗೊಂದಲ ಮಾಡಿಕೊಳ್ಳುವುದು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಟಾಲಿನ್. ಕಾರಣ ನೇರವಾಗಿದೆ. ಆರೇಳು ಗಂಟೆಯಲ್ಲಿ ಕಾಲ್ನಡಿಗೆಯಲ್ಲೇ ನೋಡಿ ಮುಗಿಸಬಹುದಾದ ಊರು ಅದು. ಬಂದರಿನಿಂದ ಹಳೆ ಪೇಟೆಗೆ ಇಪ್ಪತ್ತು ನಿಮಿಷ ನಡೆದರೆ ಸಾಕು. 1997ರಿಂದ ಅದು ಯುನೆಸ್ಕೋ ಪಟ್ಟಿಯಲ್ಲಿದೆ. ಹಳೆ ಕೋಟೆ ಗೋಡೆ ಇನ್ನೂ ಸುಮಾರು 2 ಕಿ.ಮೀ. ಉಳಿದಿದೆ, ಕೆಂಪು ಹೆಂಚಿನ ಟೋಪಿ ಹಾಕಿದ ದುಂಡು ಬುರುಜುಗಳ ಸಮೇತ. ನಡುವೆ ಪುರಭವನದ ಚೌಕ. ಅಲ್ಲಿರುವ ಪುರಭವನ ಈಗಿನ ರೂಪಕ್ಕೆ ಬಂದದ್ದು 1404ರಲ್ಲಿ. ಅದರ ಎದುರಿನ ಮೂಲೆಯಲ್ಲಿ ಒಂದು ಔಷಧಿ ಅಂಗಡಿ ಇದೆ, 1422ರ ದಾಖಲೆಯಲ್ಲೇ ಅದರ ಹೆಸರಿದೆ. ಇವತ್ತಿಗೂ ಅಲ್ಲಿ ಔಷಧಿ ಮಾರುತ್ತಾರೆ. ನಾನು ನೆಗಡಿ ಮಾತ್ರೆ ಕೊಂಡಿದ್ದು ಅಲ್ಲೇ. ಆರುನೂರು ವರ್ಷದಿಂದ ಜನ ಇದೇ ಬಾಗಿಲಿಗೆ ಬಂದು ಕೆಮ್ಮು, ಜ್ವರ ಅಂತ ಹೇಳಿಕೊಂಡಿದ್ದಾರಲ್ಲ ಅನ್ನಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಬಂದರಿನಿಂದ ಊರೊಳಗೆ ಹೋಗುವಾಗ 'ದಪ್ಪ ಮಾರ್ಗರೆಟ್' ಅಂತ ಕರೆಯುವ ದುಂಡು ಬುರುಜಿನ ಪಕ್ಕದ ದಾರಿ ಹಿಡಿಯಿರಿ. ಅಲ್ಲಿ ಹುಲ್ಲಿನ ದಿಣ್ಣೆಯ ಮೇಲೆ ನಡುವೆ ಮುರಿದುಹೋದ ಒಂದು ಕಪ್ಪು ಕಮಾನು ಕಾಣುತ್ತದೆ. 1994ರ ಸೆಪ್ಟೆಂಬರ್ 28ರ ರಾತ್ರಿ ಟಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಬರುತ್ತಿದ್ದ 'ಎಸ್ಟೋನಿಯಾ' ಹಡಗು ಮುಳುಗಿ 852 ಜನ ಸತ್ತರು. ಅವರ ನೆನಪಿಗೆ ಇಟ್ಟದ್ದು ಅದು. ನಾವು ಅದೇ ನೀರಿನ ಮೇಲೆ ಮಲಗಿ ಬಂದವರು. ಒಂದು ನಿಮಿಷ ನಿಂತು ಮುಂದೆ ಹೋಗಿ.

ಮೇಲ್ಪೇಟೆ ತೊಂಪೆಯಾ ಹತ್ತಿದರೆ ಕೊಹ್ತುವೊತ್ಸಾ ಎಂಬ ಕಟ್ಟೆಯಿಂದ ಇಡೀ ಕೆಂಪು ಹೆಂಚಿನ ಊರು, ಅದರಾಚೆ ನೀವು ಬಂದ ಹಡಗು ಒಟ್ಟಿಗೇ ಕಾಣುತ್ತದೆ. ಮಧ್ಯಾಹ್ನದ ಮೇಲೆ ಹಳೆ ಪೇಟೆಯಲ್ಲೇ ಸುತ್ತುತ್ತಾ ಕೂರಬೇಡಿ. ರೈಲು ನಿಲ್ದಾಣದ ಹಿಂದಿನ ಬಾಲ್ಟಿ ಯಾಮ್ ಮಾರುಕಟ್ಟೆಗೆ ಹೋಗಿ. ಊರಿನವರು ಸಾಮಾನು ತರುವುದು ಅಲ್ಲಿಂದ. ಉಪ್ಪಿನ ಸೌತೆಕಾಯಿ, ಅಣಬೆ, ಕಪ್ಪು ರೈ ಬ್ರೆಡ್, ಹಳೇ ಕ್ಯಾಮೆರಾ ಎಲ್ಲ ಸಿಗುತ್ತದೆ. ಅಲ್ಲಿಂದ ಎರಡು ಹೆಜ್ಜೆಗೆ ತೆಲಿಸ್ಕಿವಿ, ಹಳೇ ಕಾರ್ಖಾನೆಗಳನ್ನು ಕಾಫಿ ಅಂಗಡಿ, ಕಲಾಶಾಲೆ ಮಾಡಿಕೊಂಡ ಜಾಗ. ಅದರ ಹಿಂದೆ ಕಲಮಾಯಾ, ಬಣ್ಣ ಬಣ್ಣದ ಮರದ ಮನೆಗಳ ಬೀದಿಗಳು. ಬಿಲ್ ಕೈಗೆ ಬಂದಾಗ ಸ್ಟಾಕ್‌ಹೋಮ್‌ಗಿಂತ ಹಗುರ ಅನ್ನಿಸುತ್ತದೆ.

ಹೆಲ್ಸಿಂಕಿ ಹಾಗಲ್ಲ. ಅದು ಒಂದೇ ನೋಟಕ್ಕೆ ಮನಸ್ಸು ಗೆಲ್ಲುವ ಊರಲ್ಲ. ಬೆಲೆಯೂ ಸ್ಟಾಕ್‌ಹೋಮ್ ಮಟ್ಟದ್ದೇ. ಆದರೆ ಎರಡನೇ ಸಲ, ಮೂರನೇ ಸಲ ಹೋದಾಗ ಅದು ಹತ್ತಿರವಾಗುತ್ತದೆ. ನಿಜ ಹೇಳಬೇಕೆಂದರೆ ಇವತ್ತು ನನಗೇ ಆರಿಸಲು ಬಿಟ್ಟರೆ ನಾನು ಹೆಲ್ಸಿಂಕಿ ಅನ್ನುತ್ತೇನೆ.

ಅದು ಶುರುವಾಗುವುದೇ ಇಳಿಯುವುದಕ್ಕೆ ಮುಂಚೆ. ಬೆಳಗ್ಗೆ ಬೇಗ ತಿಂಡಿ ಮುಗಿಸಿ, ಜಾಕೆಟ್ ಹಾಕಿಕೊಂಡು ಮೇಲಿನ ಡೆಕ್‌ಗೆ ಬನ್ನಿ. ಊರು ಮುಟ್ಟುವ ಸ್ವಲ್ಪ ಮೊದಲು ಹಡಗು ಒಂದು ಕಿರಿದಾದ ಕಡಲ ಓಣಿಯೊಳಗೆ ನುಗ್ಗುತ್ತದೆ. ಹತ್ತು ಅಂತಸ್ತಿನ ಹಡಗು, ಆಚೆ ಈಚೆ ಕೋಟೆಯ ಕಲ್ಲುಗೋಡೆ. ಹುಲ್ಲಿನ ದಿಬ್ಬದ ಮೇಲೆ ನಾಯಿ ಹಿಡಿದುಕೊಂಡು ನಿಂತವರ ಮುಖ ಕೂಡ ಕಾಣುತ್ತದೆ. ಕೈ ಬೀಸಿದರೆ ಅವರೂ ಬೀಸುತ್ತಾರೆ. ಆ ಕೋಟೆಯೇ ಸುವೊಮೆನ್‌ಲಿನ್ನಾ. ಫಿನ್‌ಲ್ಯಾಂಡ್ ಸ್ವೀಡನ್ ಕೈಯಲ್ಲಿದ್ದಾಗ, 1748ರಲ್ಲಿ ಕಟ್ಟಲು ಶುರು ಮಾಡಿದ್ದು. ಕೆಲವು ದ್ವೀಪ ಸೇರಿಸಿ ಕಟ್ಟಿದ ಕೋಟೆ. ಇಳಿದ ಮೇಲೆ ಮಾರುಕಟ್ಟೆ ಚೌಕದಿಂದ ಸಿಟಿ ಬಸ್ಸಿನ ಟಿಕೆಟ್‌ನಲ್ಲೇ ಕಾಲು ಗಂಟೆಯಲ್ಲಿ ದೋಣಿ ಅಲ್ಲಿಗೆ ಬಿಡುತ್ತದೆ. ವರ್ಷ ಪೂರ್ತಿ ಓಡುತ್ತದೆ.

ಇನ್ನೊಂದು ಕಾರಣ ಸೌನಾ, ಅಂದರೆ ಬಿಸಿ ಹಬೆಯ ಕೋಣೆ. ನವೆಂಬರ್‌ನ ಮಂಕಿನಲ್ಲಿ ಹೆಲ್ಸಿಂಕಿಗೆ ಹೋಗುವುದಿದ್ದರೆ ಅದಕ್ಕಾಗಿಯೇ ಹೋಗಿ. ಕಡಲ ದಂಡೆಯ ಲೋಯ್ಲು ಅನ್ನುವ ಸೌನಾದಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತಾರೆ, ಈಜುಡುಗೆ ಕಡ್ಡಾಯ. ಹಾಗಾಗಿ ಹೊಸಬರಿಗೆ ಮುಜುಗರ ಕಡಿಮೆ. ಕಾದ ಕಲ್ಲಿನ ಮೇಲೆ ನೀರು ಹಾಕಿದಾಗ ಏಳುವ ಹಬೆಗೆ ಫಿನ್ನಿಶ್‌ನಲ್ಲಿ ಹೇಳುವ ಮಾತೇ ಲೋಯ್ಲು. ಕಟ್ಟಿಗೆ ಉರಿಯುವ ಆ ವಾಸನೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಅಜ್ಜಿ ಮನೆಯ ಬಚ್ಚಲ ಹಂಡೆ. ನೀರು ತುಂಬುವ ಹಬ್ಬದ ಮಾರನೇ ದಿನ ಮೈಗೆ ಎಣ್ಣೆ ಹಚ್ಚಿಕೊಂಡು ಆ ಒಲೆಯ ಮುಂದೆ ಕೂತ ಹಾಗೇ ಆಯಿತು. ಆಮೇಲೆ ಹೊರಗೆ ಬಂದು ಏಣಿಯಿಂದ ತಣ್ಣನೆ ಕಡಲಿಗೆ ಇಳಿಯುವುದು. ಹೃದಯದ ತೊಂದರೆ, ಬಿಪಿ ಇದ್ದವರು ಮಾತ್ರ ಇದನ್ನು ಮಾಡಬಾರದು.

ಸಮಯ ಉಳಿದರೆ 2018ರಲ್ಲಿ ತೆರೆದ ಓಡಿ ಗ್ರಂಥಾಲಯಕ್ಕೆ ಹೋಗಿ. ಒಳಗೆ ಹೋಗಲು ದುಡ್ಡಿಲ್ಲ. ಮೂರನೇ ಮಹಡಿಯಲ್ಲಿ ಪುಸ್ತಕ, ಎರಡನೆಯದರಲ್ಲಿ ಹೊಲಿಗೆ ಯಂತ್ರ, ಮೂರು ಆಯಾಮದ ಪ್ರಿಂಟರ್. ಮಕ್ಕಳಿಗೆ ತಾಸುಗಟ್ಟಲೆ ಕೆಲಸ ಸಿಗುತ್ತದೆ. ಸಸ್ಯಾಹಾರಿಗಳು ಕಾರೇಲಿಯನ್ ಪಿರಕ್ಕಾ ತಿಂದು ನೋಡಿ. ತೆಳ್ಳನೆ ರೈ ಹಿಟ್ಟಿನ ದೋಣಿಯೊಳಗೆ ಅನ್ನದ ಗಂಜಿ ತುಂಬಿ ಬೇಯಿಸಿರುತ್ತಾರೆ. ಮೇಲೆ ಮೊಟ್ಟೆ ಕಲಸಿದ ಬೆಣ್ಣೆ ಹಚ್ಚುತ್ತಾರೆ, ಬೇಡ ಅಂದರೆ ಅದಿಲ್ಲದೆ ಕೊಡುತ್ತಾರೆ.

ಹಡಗಿನ ಬಗ್ಗೆ ಮೂರು ಮಾತು. ಮೊದಲನೆಯದು, ಕ್ಯಾಬಿನ್. ಅತಿ ಅಗ್ಗದವು ಕಾರು ನಿಲ್ಲಿಸುವ ಡೆಕ್‌ಗಿಂತ ಕೆಳಗೆ ಇರಬಹುದು, ಕಿಟಕಿ ಇರುವುದಿಲ್ಲ. ಬೇಸಿಗೆಯಲ್ಲಿ ಹೋಗುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟು ಕಿಟಕಿ ಇರುವುದನ್ನೇ ತೆಗೆದುಕೊಳ್ಳಿ. ಹೊರಟ ಮೇಲೆ ಮೂರು ಗಂಟೆ ಹಡಗು ದ್ವೀಪಗಳ ನಡುವೆಯೇ ಸಾಗುತ್ತದೆ. ಕಿಟಕಿಯಲ್ಲಿ ಬಂಡೆ, ಪೈನ್ ಮರ, ಕೆಂಪು ಬಣ್ಣದ ಪುಟ್ಟ ಮನೆ, ಒಂದಾದ ಮೇಲೆ ಒಂದು. ಎರಡನೆಯದು, ಶುಕ್ರವಾರದ ಹಡಗಿನಲ್ಲಿ ಕುಡಿದು ಕುಣಿಯುವವರು ಜಾಸ್ತಿ. ನಡುರಾತ್ರಿ ಹಡಗು ಓಲಾಂಡ್ ದ್ವೀಪದ ಮಾರಿಯೆಹಾಮ್ನ್‌ನಲ್ಲಿ ನಿಂತು ಹೋಗುವುದಕ್ಕೂ ಇದಕ್ಕೂ ನಂಟಿದೆ. ಓಲಾಂಡ್ ಯುರೋಪಿಯನ್ ಯೂನಿಯನ್‌ನ ತೆರಿಗೆ ವ್ಯವಸ್ಥೆಯ ಹೊರಗಿದೆ. ಅಲ್ಲಿ ಮುಟ್ಟಿ ಹೋದರೆ ಹಡಗಿನ ಅಂಗಡಿಯಲ್ಲಿ ತೆರಿಗೆ ಇಲ್ಲದೆ ಮದ್ಯ ಮಾರಬಹುದು. ಚಿಕ್ಕ ಮಕ್ಕಳಿದ್ದರೆ ಕುಣಿತದ ಹಾಲ್‌ನಿಂದ ದೂರದ ಕ್ಯಾಬಿನ್ ಕೇಳಿ. ಮೂರನೆಯದು, ಫೋನ್. ಹಡಗು ನಡುಕಡಲಿಗೆ ಬಂದಾಗ ಫೋನ್ ತಾನಾಗಿಯೇ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದುಬಿಡುತ್ತದೆ. ಅದು ಯುರೋಪಿನ ರೋಮಿಂಗ್ ನಿಯಮದೊಳಗೆ ಬರುವುದಿಲ್ಲ. ನನ್ನ ಹೆಂಡತಿ ಫೋನ್ ಹಾಗೇ ಚಾರ್ಜಿಗೆ ಹಾಕಿ ಮಲಗಿದ್ದಳು. ಬಂದ ಬಿಲ್ ನಮ್ಮ ಎರಡು ಟಿಕೆಟ್‌ಗಿಂತ ಜಾಸ್ತಿ ಇತ್ತು. ಹತ್ತುತ್ತಲೇ ಫ್ಲೈಟ್ ಮೋಡ್‌ಗೆ ಹಾಕಿಬಿಡಿ.

ಗೋಟ್ಲಾಂಡ್ ಅಥವಾ ದಾಲಾರ್ನಾ?

ಬೇಸಿಗೆಯಲ್ಲಿ ಹಳ್ಳಿ ಕಡೆಗೆ ಅಂದರೆ ಈ ಎರಡರ ನಡುವೆ ಯೋಚನೆ. ಒಂದು ಕಡಲ ನಡುವಿನ ದ್ವೀಪ, ಇನ್ನೊಂದು ಕೆರೆ ಕಾಡಿನ ಸೀಮೆ.

ಗೋಟ್ಲಾಂಡ್‌ಗೆ ಸ್ಟಾಕ್‌ಹೋಮ್‌ನಿಂದ ಒಂದು ಗಂಟೆ ಲೋಕಲ್ ರೈಲಿನಲ್ಲಿ ನೀನೆಸ್‌ಹಾಮ್ನ್. ಅಲ್ಲಿಂದ ಹಡಗಿನಲ್ಲಿ ಮೂರು ಗಂಟೆ ಚಿಲ್ಲರೆ. ಇಳಿಯುವುದು ವಿಸ್ಬಿ ಊರಿನಲ್ಲಿ. ಟಾಲಿನ್ ನೋಡಿದವರು "ಇನ್ನೊಂದು ಕೋಟೆ ಊರು ಯಾಕೆ" ಅನ್ನಬಹುದು. ಎರಡೂ ಹಿಂದೆ ಹಾನ್ಸಾ ಎಂಬ ಮಧ್ಯಯುಗದ ವ್ಯಾಪಾರಿ ಒಕ್ಕೂಟದ ಊರು, ನಿಜ. ಆದರೆ ಟಾಲಿನ್ ನಾಲ್ಕೂವರೆ ಲಕ್ಷ ಜನರ ರಾಜಧಾನಿ. ವಿಸ್ಬಿಯ ಗೋಡೆ 3.4 ಕಿ.ಮೀ. ಉದ್ದ, ಅದರೊಳಗೆ ಸಣ್ಣ ಊರು, ಗೋಡೆ ಬುಡದಲ್ಲಿ ಕುರಿ ಮೇಯುವಷ್ಟು ಹುಲ್ಲು. ಚೌಕದ ಪಕ್ಕದ ಸಾಂಕ್ತಾ ಕಾರಿನ್ ಚರ್ಚ್‌ಗೆ ಛಾವಣಿಯೇ ಇಲ್ಲ. ಬರೀ ಕಮಾನುಗಳು, ಮೇಲೆ ಆಕಾಶ. ಮೀನುಗಾರರ ಓಣಿಯಲ್ಲಿ ಜುಲೈನಲ್ಲಿ ಗುಲಾಬಿ ಬಾಗಿಲ ಮೇಲೆಲ್ಲ ಹಬ್ಬಿರುತ್ತದೆ.

ಗೋಟ್ಲಾಂಡ್‌ನ ಜೀವ ಇರುವುದು ಮಾತ್ರ ವಿಸ್ಬಿಯ ಆಚೆ. ಕಾರು ಬಾಡಿಗೆಗೆ ತೆಗೆದುಕೊಂಡು ಉತ್ತರಕ್ಕೆ ಹೋದರೆ ಫೋರೊಸುಂದ್ ಸಿಗುತ್ತದೆ. ಅಲ್ಲಿಂದ ಹಳದಿ ದೋಣಿ, ಕಾರಿನ ಸಮೇತ, ಒಂದು ಪೈಸೆ ತೆಗೆದುಕೊಳ್ಳದೆ ಫೋರೊ ದ್ವೀಪಕ್ಕೆ ದಾಟಿಸುತ್ತದೆ. ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಬದುಕಿದ್ದು, ಮಣ್ಣಾಗಿದ್ದು ಇದೇ ದ್ವೀಪದಲ್ಲಿ. ಅದರ ತುದಿಯ ಲಾಂಗ್‌ಹಾಮರ್ಸ್ ದಂಡೆಯಲ್ಲಿ ಸುಣ್ಣದ ಕಲ್ಲಿನ ಕಂಬಗಳು ನಿಂತಿವೆ. ನಲವತ್ತು ಕೋಟಿ ವರ್ಷಕ್ಕೂ ಹಿಂದೆ ಬಿಸಿ ಕಡಲಿನ ಹವಳದ ದಿಬ್ಬವಾಗಿದ್ದ ಕಲ್ಲು ಅದು. ಹತ್ತಿರ ಹೋಗಿ ಕೈಯಿಟ್ಟು ನೋಡಿದೆ. ಹವಳದ ಗೂಡುಗಳ ಗುರುತು ಬೆರಳಿಗೆ ಸಿಗುತ್ತದೆ, ಜೇನುಗೂಡಿನ ಹಾಗೆ. ರಾತ್ರಿ ಒಂಬತ್ತರ ಬಿಸಿಲಿನಲ್ಲಿ ಆ ಕಂಬಗಳ ನೆರಳು ಉದ್ದಕ್ಕೆ ಬಿದ್ದಿತ್ತು.

ಇಲ್ಲಿನ ಸಿಹಿಯೊಂದನ್ನು ಬಿಡಬೇಡಿ. ಅಕ್ಕಿಯ ಗಂಜಿಗೆ ಮೊಟ್ಟೆ, ಬಾದಾಮಿ, ಕೇಸರಿ ಹಾಕಿ ಒಲೆಯಲ್ಲಿ ಬೇಯಿಸಿ, ಕಾಡುಹಣ್ಣಿನ ಜಾಮ್ ಜೊತೆ ಕೊಡುತ್ತಾರೆ. ಅಮ್ಮ ತಿಂದು "ಕೇಸರಿ ಪಾಯಸ ಗಟ್ಟಿ ಆದ ಹಾಗಿದೆ ಕಣೋ" ಅಂದರು.

ಗೋಟ್ಲಾಂಡ್‌ನ ತೊಂದರೆ ಎರಡು. ಕಾರಿಲ್ಲದಿದ್ದರೆ ವಿಸ್ಬಿಯಲ್ಲೇ ಉಳಿಯಬೇಕಾಗುತ್ತದೆ. ಜುಲೈನಲ್ಲಿ ಸ್ಟಾಕ್‌ಹೋಮ್‌ನ ಅರ್ಧ ಊರೇ ಅಲ್ಲಿಗೆ ಬಂದಿರುತ್ತದೆ, ಆಗಸ್ಟ್‌ನ ಮಧ್ಯಯುಗದ ಜಾತ್ರೆಯ ವಾರದಲ್ಲಿ ರೂಮ್ ಸಿಗುವುದೇ ಇಲ್ಲ. ಜೂನ್ ಮೊದಲ ಎರಡು ವಾರ ಅಥವಾ ಆಗಸ್ಟ್ ಕೊನೆ ಒಳ್ಳೆಯದು. ಸೆಪ್ಟೆಂಬರ್ ಮಧ್ಯದ ಮೇಲೆ ಅಂಗಡಿ, ಹೋಟೆಲ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ.

ಕಾರಿಲ್ಲದವರಿಗೆ ದಾಲಾರ್ನಾ ಸುಲಭ. ಸ್ಟಾಕ್‌ಹೋಮ್ ಸೆಂಟ್ರಲ್‌ನಲ್ಲಿ ರೈಲು ಹತ್ತಿದರೆ ಮೂರು, ಮೂರೂವರೆ ಗಂಟೆಯಲ್ಲಿ ಲೆಕ್ಸಾಂಡ್, ರೆತ್ವಿಕ್. ಶುಕ್ರವಾರ ರಾತ್ರಿ ಊಟಕ್ಕೆ ಅಲ್ಲಿರಬಹುದು. ಎರಡೂ ಊರು ಸಿಲ್ಯಾನ್ ಸರೋವರದ ದಂಡೆಯಲ್ಲಿವೆ. ಸುಮಾರು 38 ಕೋಟಿ ವರ್ಷದ ಹಿಂದೆ ಆಕಾಶದಿಂದ ಬಂಡೆ ಬಿದ್ದು ಆದ ದೊಡ್ಡ ಗುಂಡಿಯ ಅಂಚಿನಲ್ಲಿ ನಿಂತಿರುವ ನೀರು ಇದು. ರೆತ್ವಿಕ್‌ನಲ್ಲಿ ಮರದ ಸೇತುವೆಯೊಂದು 628 ಮೀಟರ್ ಸರೋವರದೊಳಗೆ ಚಾಚಿಕೊಂಡಿದೆ. ಅದರ ತುದಿಗೆ ಹೋಗಿ ಹಿಂದಿರುಗಿ ನೋಡಿದರೆ ಇಡೀ ಊರು ಕೆಂಪು. ಸ್ವೀಡನ್‌ನ ಹಳ್ಳಿ ಮನೆಗಳಿಗೆ ಹಚ್ಚುವ ಆ ಕೆಂಪು ಬಣ್ಣ ಬಂದದ್ದು ಇಲ್ಲಿಗೆ ಹತ್ತಿರದ ಫಾಲುನ್ ತಾಮ್ರದ ಗಣಿಯಿಂದ. ಗಣಿ 1992ರಲ್ಲಿ ಮುಚ್ಚಿತು. ಈಗ ಹೆಲ್ಮೆಟ್ ಹಾಕಿಕೊಂಡು ಒಳಗಿಳಿದು ನೋಡಬಹುದು.

ಮೋರಾ ಹತ್ತಿರದ ನ್ಯುಸ್ನೇಸ್ ಹಳ್ಳಿಗೆ ಹೋಗಲೇಬೇಕು. ದಾಲಾರ್ನಾದ ಕೆಂಪು ಮರದ ಕುದುರೆ ಮಾಡುವುದು ಅಲ್ಲಿ. ಚನ್ನಪಟ್ಟಣದ ಬೊಂಬೆ ಹಿಡಿದು ಬೆಳೆದವರಿಗೆ ಅಲ್ಲಿಂದ ಕಾಲು ಕೀಳುವುದು ಕಷ್ಟ. ನಮ್ಮಲ್ಲಿ ಮರವನ್ನು ತಿರುಗಿಸಿ, ಅರಗು ಒತ್ತಿ ಬಣ್ಣ ಕೊಡುತ್ತಾರೆ. ಇಲ್ಲಿ ಚಾಕುವಿನಲ್ಲಿ ಕೆತ್ತಿ, ಬಣ್ಣದಲ್ಲಿ ಅದ್ದಿ, ಒಣಗಿದ ಮೇಲೆ ಕುಂಚ ಹಿಡಿಯುತ್ತಾರೆ. ಒಬ್ಬ ಹೆಂಗಸು ಬರೆಯುತ್ತಿದ್ದುದನ್ನು ಗಾಜಿನ ಆಚೆಯಿಂದ ನೋಡುತ್ತಾ ನಿಂತಿದ್ದೆ. ಕುಂಚದ ಒಂದು ಬದಿಗೆ ಒಂದು ಬಣ್ಣ, ಇನ್ನೊಂದು ಬದಿಗೆ ಇನ್ನೊಂದು. ಒಂದೇ ಎಳೆತ. ಹಸಿರಿನಿಂದ ಬಿಳಿಗೆ ತಿರುಗುವ ಎಲೆ ಕುದುರೆಯ ಬೆನ್ನ ಮೇಲೆ ಮೂಡಿತು. ಅಳಿಸಿ ತಿದ್ದುವ ಮಾತೇ ಇಲ್ಲ.

ಜೂನ್‌ನ ಮಿಡ್‌ಸಮ್ಮರ್ ಹಬ್ಬದ ವೀಕೆಂಡ್‌ನಲ್ಲಿ ಸ್ಟಾಕ್‌ಹೋಮ್ ಖಾಲಿ. ಅಂಗಡಿಗಳೂ ಮುಚ್ಚಿರುತ್ತವೆ. ಆಗ ಲೆಕ್ಸಾಂಡ್‌ಗೆ ಬನ್ನಿ. ಎಲೆ ಹೂವು ಸುತ್ತಿದ ಎತ್ತರದ ಕಂಬವನ್ನು ಊರ ಗಂಡಸರು ಹಂತ ಹಂತವಾಗಿ ಎತ್ತಿ ನಿಲ್ಲಿಸುತ್ತಾರೆ, ಸಾವಿರಾರು ಜನ ಒಂದೇ ಉಸಿರಲ್ಲಿ ಕೂಗುತ್ತಾರೆ. ನಮ್ಮ ತೇರು ಎಳೆಯುವಾಗಿನ ಗದ್ದಲ, ಸಂಭ್ರಮ ಎರಡೂ ಅಲ್ಲಿದೆ. ರೂಮ್ ಮಾತ್ರ ಚಳಿಗಾಲದಲ್ಲೇ ಹಿಡಿದಿಟ್ಟಿರಬೇಕು. ಮಾರ್ಚ್‌ನ ಮೊದಲ ಭಾನುವಾರ ಸೇಲೆನ್‌ನಿಂದ ಮೋರಾಕ್ಕೆ 90 ಕಿ.ಮೀ. ಹಿಮಜಾರು ಓಟ ಇರುತ್ತದೆ, 1922ರಿಂದ ನಡೆದುಕೊಂಡು ಬಂದದ್ದು. ಮೋರಾದ ಕೊನೆಯ ಕಮಾನಿನ ಹತ್ತಿರ ನಿಂತು, ಸಂಜೆ ಕತ್ತಲಾದ ಮೇಲೆ ಬರುವ ಕೊನೆಯವರಿಗೂ ಚಪ್ಪಾಳೆ ತಟ್ಟಿ ಬನ್ನಿ.

ಎರಡರಲ್ಲಿ ಒಂದು ಅಂದರೆ? ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ದಾಲಾರ್ನಾ. ಇಬ್ಬರೇ ಇದ್ದು, ಕಾರು ಓಡಿಸಲು ಬಂದರೆ ಗೋಟ್ಲಾಂಡ್.

ಕೋಪನ್‌ಹೇಗನ್ ಎರಡೇ ದಿನಕ್ಕೆ ಬೇಡ

ಐದು ಗಂಟೆಗೂ ಮೀರಿದ ರೈಲು ದಾರಿ ಹೋಗಕ್ಕೆ ಅಷ್ಟು, ಬರಕ್ಕೆ ಅಷ್ಟು. ಊರು ಚೆನ್ನಾಗಿದೆ, ಅದಕ್ಕೇ ಮೂರು ದಿನ ಕೊಡಿ. ಮೇ ತಿಂಗಳಲ್ಲಿ ಗುರುವಾರ ರಜೆ ಬಂದಾಗ ಶುಕ್ರವಾರವೂ ರಜೆ ಹಾಕಿ ಹೊರಡಿ. ಆ ನಡುವಿನ ದಿನಕ್ಕೆ ಇಲ್ಲಿಯವರು 'ಕ್ಲೆಮ್‌ದಾಗ್' ಅನ್ನುತ್ತಾರೆ, ಎರಡು ರಜೆಯ ನಡುವೆ ಸಿಕ್ಕಿಹಾಕಿಕೊಂಡ ದಿನ. ಹೋಟೆಲ್ ದುಬಾರಿ ಅನ್ನಿಸಿದರೆ ಸ್ವೀಡನ್ ಕಡೆಯ ಮಾಲ್ಮೋದಲ್ಲಿ ಉಳಿದು, 2000ದಲ್ಲಿ ತೆರೆದ ಓರೆಸುಂಡ್ ಸೇತುವೆ ಮೇಲೆ ರೈಲಿನಲ್ಲಿ ದಾಟಬಹುದು. 1843ರ ತಿವೋಲಿ ಪಾರ್ಕ್ ಎಲ್ಲರೂ ನೋಡುತ್ತಾರೆ. ನೀವು ಹುಮ್ಲೆಬೆಕ್‌ನ ಲೂಯಿಸಿಯಾನ ಕಲಾ ಮ್ಯೂಸಿಯಂಗೆ ಒಂದು ಅರ್ಧ ದಿನ ಇಡಿ. ಕಿಟಕಿಯಾಚೆ ಕಡಲು, ಅದರಾಚೆ ಸ್ವೀಡನ್ ಕಾಣುತ್ತದೆ. ಓಸ್ಲೋಗೂ ಇದೇ ಮಾತು: ಮೂರು ದಿನವಿದ್ದರೆ ಹೋಗಿ.

ಅಪ್ಪ ಅಮ್ಮ ಬಂದಾಗ

ಇಲ್ಲಿ ಹೇಳಿದ ದೇಶಗಳೆಲ್ಲ ಷೆಂಗೆನ್ ಒಳಗೇ ಇವೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದೊಳಗೆ. ಸ್ವೀಡನ್‌ನ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಇದ್ದವರಿಗೆ ಬೇರೆ ವೀಸಾ ಬೇಡ. ಊರಿಂದ ಷೆಂಗೆನ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೂ ಬೇಡ. ಆದರೆ ಪಾಸ್‌ಪೋರ್ಟ್ ಜೊತೆಗೇ ಇರಲಿ. ಫೋನಿನಲ್ಲಿರುವ ಫೋಟೋ ಸಾಲದು. ಲಂಡನ್ ಈ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಸಲ ಪ್ರವೇಶದ ವೀಸಾ ಇದ್ದವರು ಲಂಡನ್‌ಗೆ ಹೋದರೆ ವಾಪಸ್ ಸ್ವೀಡನ್‌ಗೆ ಬರಲು ಆಗುವುದಿಲ್ಲ.

ಮಂಡಿ ನೋವಿರುವವರಿಗೆ ಟಾಲಿನ್‌ನ ಗುಂಡುಕಲ್ಲಿನ ಬೀದಿ ಕಷ್ಟ. ಮೇಲ್ಪೇಟೆಗೆ ಏರಿಯೂ ಇದೆ. ನಮ್ಮ ಅಪ್ಪ ಅರ್ಧ ಗಂಟೆಗೇ ಚೌಕದ ಬೆಂಚಿನ ಮೇಲೆ ಕೂತುಬಿಟ್ಟರು. ಅವರಿಗೆ ಹೆಲ್ಸಿಂಕಿ ಅನುಕೂಲ, ಟ್ರಾಮ್ ಹತ್ತಿ ಕೂತರೆ ಊರೇ ಕಿಟಕಿಯಲ್ಲಿ ಹಾದು ಹೋಗುತ್ತದೆ. ಊಟದ ಯೋಚನೆ ಬೇಡ. ದೊಡ್ಡ ಊರುಗಳಲ್ಲಿ ಸಸ್ಯಾಹಾರ ಧಾರಾಳ ಸಿಗುತ್ತದೆ. ಹಳ್ಳಿ ಕಡೆ ಆಲೂಗಡ್ಡೆ, ಬ್ರೆಡ್ಡು, ಚೀಸ್ ಬಿಟ್ಟರೆ ಕಷ್ಟ. ಅಮ್ಮ ಎಲ್ಲಿಗೆ ಹೊರಟರೂ ಡಬ್ಬಿಯಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಚಪಾತಿ ಕಟ್ಟುತ್ತಿದ್ದರು. ಹಡಗಿನ ಕ್ಯಾಬಿನ್‌ನಲ್ಲಿ ಕಿಟಕಿ ಪಕ್ಕ ಕೂತು ತಿಂದ ಆ ಪುಳಿಯೋಗರೆಯ ರುಚಿ ಹಡಗಿನ ಬಫೆಯಲ್ಲಿ ಸಿಗಲಿಲ್ಲ.

ಎಲ್ಲೂ ಬುಕ್ ಮಾಡದೆ ಹೋಗುವುದಾದರೆ

ಗುರುವಾರ ರಾತ್ರಿವರೆಗೂ ಏನೂ ನಿರ್ಧಾರವಾಗಿಲ್ಲ, ಹವಾಮಾನ ಮಾತ್ರ ಚೆನ್ನಾಗಿದೆ. ಆಗ ಸ್ಟಾಕ್‌ಹೋಮ್‌ನ ದ್ವೀಪಸಮೂಹಕ್ಕೆ ಹೋಗಿ. ಸಣ್ಣ ಬಂಡೆಗಳನ್ನೂ ಸೇರಿಸಿದರೆ ಸುಮಾರು 30,000 ದ್ವೀಪ. ಊರ ನಡುವಿನ ಸ್ಟ್ರೋಮ್‌ಕಾಯೆನ್ ಕಟ್ಟೆಯಿಂದಲೇ ಬಿಳಿ ದೋಣಿಗಳು ಹೊರಡುತ್ತವೆ. ಹೊಸಬರಿಗೆ ಗ್ರಿಂದಾ ಒಳ್ಳೆಯದು. ಎರಡು ಗಂಟೆಯೊಳಗೆ ಸೇರಬಹುದು. ಕಾಡು, ಈಜುವ ದಂಡೆ, ಟೆಂಟ್ ಹಾಕುವ ಜಾಗ ಎಲ್ಲ ಇದೆ. ಕಬ್ಬಿಣದ ಹಳೇ ಗಣಿ, ಸೈಕಲ್ ದಾರಿ ಬೇಕಾದರೆ ಉತೋ. ಸಾಂಡ್‌ಹಾಮ್ನ್ ಹಾಯಿದೋಣಿಯವರ ಊರು, ಚೆಂದ, ಆದರೆ ಜುಲೈನಲ್ಲಿ ಕಾಲಿಡಲು ಜಾಗವಿಲ್ಲ.

ಸ್ವೀಡನ್‌ನಲ್ಲಿ ಯಾರ ಜಮೀನಾದರೂ ಸರಿ, ಮನೆಯಿಂದ ದೂರವಿದ್ದು, ಬೆಳೆ ತುಳಿಯದೆ, ಗಲೀಜು ಮಾಡದೆ ನಡೆದಾಡಬಹುದು. ಒಂದು ರಾತ್ರಿ ಟೆಂಟ್ ಹಾಕಬಹುದು, ಕಾಡುಹಣ್ಣು, ಅಣಬೆ ಕೀಳಬಹುದು. ಅದು ಎಲ್ಲರ ಹಕ್ಕು. ಗ್ರಿಂದಾದಂಥ ರಕ್ಷಿತ ಜಾಗದಲ್ಲಿ ಮಾತ್ರ ಗೊತ್ತುಮಾಡಿದ ಕಡೆಯೇ ಟೆಂಟ್ ಹಾಕಬೇಕು. ಬಿರುಬೇಸಿಗೆಯಲ್ಲಿ ಬೆಂಕಿ ಹಚ್ಚುವುದಕ್ಕೆ ನಿಷೇಧ ಇರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ರಕ್ತ ಹೀರುವ ಉಣ್ಣಿ ಹುಳ ಇರುವ ಸೀಮೆ ಇದು. ಅದು ಕಚ್ಚಿದರೆ ಮಿದುಳಿನ ಉರಿಯೂತ ತರುವ ವೈರಸ್ ಬರಬಹುದು. ಲಸಿಕೆಯನ್ನು ವಸಂತದಲ್ಲೇ ಶುರು ಮಾಡಿ. ಸಂಜೆ ಮಕ್ಕಳ ಮಂಡಿ ಸಂದು, ಕಿವಿ ಹಿಂದೆ ಕೈಯಾಡಿಸಿ ನೋಡಿ.

ಭಾನುವಾರದ ಕೊನೆಯ ದೋಣಿಯ ಸಮಯವನ್ನು ಹೋಗುವ ದಿನವೇ ಬರೆದಿಟ್ಟುಕೊಳ್ಳಿ. ವೇಳಾಪಟ್ಟಿ ಋತುವಿನ ಜೊತೆ ಬದಲಾಗುತ್ತದೆ. ಮತ್ತೆ ಸಣ್ಣ ಕಟ್ಟೆಗಳಲ್ಲಿ ದೋಣಿ ತಾನಾಗಿಯೇ ನಿಲ್ಲುವುದಿಲ್ಲ. ಕಟ್ಟೆ ತುದಿಯಲ್ಲಿ ಒಂದು ಕಂಬ, ಕಂಬದ ಮೇಲೊಂದು ತಟ್ಟೆ ಇರುತ್ತದೆ. ದೋಣಿ ದೂರದಲ್ಲಿ ಕಂಡಾಗ ಆ ತಟ್ಟೆಯನ್ನು ಅದರ ಕಡೆಗೆ ತಿರುಗಿಸಬೇಕು. ನಮ್ಮ ಹಳ್ಳಿ ರಸ್ತೆಯಲ್ಲಿ ಬಸ್ಸಿಗೆ ಕೈ ಅಡ್ಡ ಹಾಕಿದ ಹಾಗೆ. ಕತ್ತಲಾಗಿದ್ದರೆ ಟಾರ್ಚ್ ಬಿಡಬೇಕು. ಮಗಳು ಈಗ ಆ ಕೆಲಸ ಯಾರಿಗೂ ಬಿಟ್ಟುಕೊಡುವುದಿಲ್ಲ. ತುದಿಗಾಲಲ್ಲಿ ನಿಂತು ತಟ್ಟೆ ತಿರುಗಿಸಿ, ದೋಣಿಯ ಮೂತಿ ನಮ್ಮ ಕಡೆ ತಿರುಗುವವರೆಗೂ ಕಣ್ಣು ಕೀಳದೆ ನೋಡುತ್ತಾ ನಿಂತಿರುತ್ತಾಳೆ.